ಕರದಂಟಿನ ಪೆಟ್ಟಿಗೆಯಲ್ಲಿ ಕೆಟ್ಟ ರಾಕೆಟ್ಟು

ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲ. ನಮ್ಮ ದೇಶ ಸ್ವಂತ ರಾಕೆಟ್ಟಿನಿಂದ ಉಪಗ್ರಹ ಹಾರಿಸಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ದೇಶದ ಕೈಯಲ್ಲಿ ಆದದ್ದು ಇಳಕಲ್ಲಿನ ಕೈಯಲ್ಲಿ ಯಾಕೆ ಆಗಬಾರದು ಎಂದು ನಾನು ಸ್ಟಾಫ್ ರೂಮಿನಲ್ಲಿ ಆಗಾಗ ಕೇಳುತ್ತಿದ್ದೆ. ಉಳಿದ ಮಾಸ್ತರರು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟುಬಿಡುತ್ತಿದ್ದರು. ಮಕ್ಕಳಿಗೂ ಇದನ್ನೇ ಕೇಳಲು ಅವಸರದಲ್ಲಿ ಹೋಗುತ್ತಿದ್ದಾರೆಂದು ನಾನು ತಿಳಿದಿದ್ದೆ.

ನನ್ನ ಹೆಂಡತಿ ಶಕುಂತಲಾಳ ತಮ್ಮ ಸುರೇಶ ಹಡಗಿನ ಮೇಲೆ ನೌಕರಿಯಲ್ಲಿದ್ದ. ಒಮ್ಮೆ ರಜೆಗೆ ಬಂದವನು ಅಕ್ಕನಿಗೆ ಒಂದು ಸೆಂಟಿನ ಬಾಟಲಿ, ನನಗೆ ಒಂದು ಆಟಿಕೆ ರಾಕೆಟ್ಟು ತಂದುಕೊಟ್ಟ. ರಟ್ಟಿನ ಕೊಳವೆ, ತೆಳು ಕಟ್ಟಿಗೆಯ ರೆಕ್ಕೆ, ಪ್ಲಾಸ್ಟಿಕ್ಕಿನ ಮೂಗು. ಜೊತೆಗೆ ಪೆಟ್ಟಿಗೆ ತುಂಬ ಅದರ ಮೋಟಾರುಗಳು. ಮೋಟಾರು ಎಂದರೆ ಬಾವಿಯಿಂದ ನೀರೆತ್ತುವುದಲ್ಲ. ಬೆರಳುದ್ದದ ದಪ್ಪ ಕಾಗದದ ನಳಿಕೆ. ಒಳಗೆ ಗಟ್ಟಿಯಾಗಿ ಜಡಿದ ಮದ್ದು. ಬುಡದಲ್ಲಿ ಸಣ್ಣ ತೂತಿರುವ ಮಣ್ಣಿನ ಬಿರಡೆ. ತೂತಿಗೆ ತಂತಿ ಸೇರಿಸಿ ಬ್ಯಾಟರಿ ಜೋಡಿಸಿದರೆ ಮದ್ದು ಹತ್ತಿಕೊಂಡು, ಬೆಂಕಿ ಕೆಳಗೆ ನುಗ್ಗಿ, ರಾಕೆಟ್ಟು ಮೇಲಕ್ಕೆ ಹೋಗುತ್ತದೆ. ಹೋಗಬೇಕು.

ಶಾಲೆಯ ಮೈದಾನದಲ್ಲಿ ಹಾರಿಸುವುದೆಂದು ನಿಶ್ಚಯವಾಯಿತು. ಹೆಡ್‌ಮಾಸ್ತರರು ನಾನು ಮೋಟಾರು ಎಂದ ಕೂಡಲೇ ಎಷ್ಟು ಹಾರ್ಸ್‌ಪವರ್ ಎಂದು ಕೇಳಿದರು. ಆಡಳಿತ ಮಂಡಳಿಯ ಅಧ್ಯಕ್ಷರು ಜರಿ ರುಮಾಲು ಸುತ್ತಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಕ್ರಿಯೆ ಮತ್ತು ಪ್ರತಿಕ್ರಿಯೆಯ ಬಗ್ಗೆ ನಾನು ದೀರ್ಘವಾಗಿ ಮಾತಾಡಿ ಗುಂಡಿ ಒತ್ತಿದೆ. ಬಿರಡೆ ಕಿತ್ತು ಕೆಳಗೆ ಬಿತ್ತು. ಬೆಂಕಿ ಬುಡದಿಂದಲೂ ಬಂತು, ತಲೆಯಿಂದಲೂ ಬಂತು. ಪ್ಲಾಸ್ಟಿಕ್ಕಿನ ಮೂಗು ಒಂದೇ ಮೇಲೆ ಹಾರಿ ಅಧ್ಯಕ್ಷರ ತೊಡೆಯ ಮೇಲೆ ಇಳಿಯಿತು. ಉಳಿದದ್ದು ನಿಂತಲ್ಲೇ ನಿಂತು ಕಪ್ಪಾಯಿತು. ರಾಕೆಟ್ಟು ಎಂದರೆ ಇಷ್ಟೇ ಇರಬೇಕೆಂದು ತಿಳಿದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನಾನು ಅಲ್ಲಿಯೇ ನಿಂತು, ಹೊಸ ಕೊಳವೆ ಮಾಡಿ, ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದ ದಿನ ಇದೇ ಮೈದಾನದಿಂದ ರಾಕೆಟ್ಟನ್ನು ಹಾರಿಸಿಯೇ ತೀರುತ್ತೇನೆಂದು ಘೋಷಿಸಿದೆ.

ವಾರದೊಳಗೆ ಮುಂಬೈಯಿಂದ ಸುರೇಶನ ಟ್ರಂಕ್ ಕಾಲ್ ಬಂತು. ನಮ್ಮ ಓಣಿಗೆಲ್ಲ ಫೋನಿದ್ದದ್ದು ಮೂಲೆಯ ಸೀರೆ ಅಂಗಡಿಯಲ್ಲಿ. ಆ ಮೋಟಾರುಗಳ ಬಿರಡೆ ಸಡಿಲ ಇವೆಯಂತೆ. ಪರದೇಶದಲ್ಲಿ ಅವನ್ನು ಮಾಡಿದ ಕಂಪನಿಯೇ ಎಲ್ಲವನ್ನೂ ವಾಪಸು ಕರೆಸಿಕೊಂಡು ಬದಲಿ ಕೊಡುತ್ತಿದೆಯಂತೆ. ಇನ್ನೊಂದನ್ನೂ ಹಚ್ಚಬೇಡಿ, ನನ್ನ ಹಡಗು ಹೊರಡುವ ಮೊದಲು ಮುಂಬೈಗೆ ಮುಟ್ಟಿಸಿ, ನಾನೇ ಒಯ್ದು ಬದಲಾಯಿಸಿ ತರುತ್ತೇನೆ ಎಂದ. ಟ್ರಂಕ್ ಕಾಲ್ ಬಂದಾಗ ಕೇಳಿದ್ದನ್ನೆಲ್ಲ ಗಟ್ಟಿಯಾಗಿ ತಿರುಗಿ ಹೇಳುವುದು ಆಗಿನ ಪದ್ಧತಿ. ನಾನೂ ಹೇಳಿದೆ. "ಕೈಯಾಗ ಸಿಡೀತಾವ? ಮನ್ಯಾಗ ಇಡಬಾರದಾ?" ಎಂದು ಕೂಗುವ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳೇ ಇರಲಿಲ್ಲ. ಅರ್ಧ ಬಿಚ್ಚಿದ ಸೀರೆಗಳು ಮಾತ್ರ ಇದ್ದವು.

ಅಂಚೆ ಕಚೇರಿಗೆ ಪೆಟ್ಟಿಗೆ ಒಯ್ದೆ. ಅದರ ಮೇಲೆ ಉರಿಯುವ ಬೆಂಕಿಯ ಚಿತ್ರವಿತ್ತು. ಪೋಸ್ಟ್ ಮಾಸ್ತರರು ಅದನ್ನು ಕೈಯಿಂದ ಮುಟ್ಟದೆ ರೂಲರಿನಿಂದ ನನ್ನ ಕಡೆಗೆ ಸರಿಸಿದರು. ಹಾಗಾದರೆ ಬಾಗಲಕೋಟೆಗೆ ಹೋಗಿ ರೈಲ್ವೆ ಪಾರ್ಸೆಲ್ ಮಾಡುವುದೆಂದು ನಿಶ್ಚಯಿಸಿದೆ. ಈ ಸಲ ಚಿತ್ರ ನೋಡಿ ಯಾರೂ ಹೆದರಬಾರದು, ಮೊದಲು ನಾನು ವಿವರಿಸಬೇಕು, ಆಮೇಲೆ ಅವರು ನೋಡಬೇಕು ಎಂದು ಮೋಟಾರುಗಳನ್ನೆಲ್ಲ ಮನೆಯಲ್ಲಿದ್ದ ಕರದಂಟಿನ ಖಾಲಿ ಮಿಠಾಯಿ ಪೆಟ್ಟಿಗೆಗೆ ತುಂಬಿ ದಾರ ಕಟ್ಟಿದೆ. ಶಕುಂತಲಾ ಕಸಬರಿಗೆ ಹಿಡಿದು ನಿಂತು ನೋಡುತ್ತಿದ್ದಳು.

"ಹಿತ್ತಲದಾಗ ಕುಣಿ ತೋಡಿ ಮುಚ್ಚಿ ಬಿಡ್ರಿ. ಇಷ್ಟಕ್ಕ ಸಾಕು" ಎಂದಳು.

"ವಿಜ್ಞಾನ ಹಿಂದಕ್ಕ ಸರಿಯೂದಿಲ್ಲ."

"ವಿಜ್ಞಾನ ಸರೀಲಿ ಬಿಡ್ಲಿ, ನೀವು ಸರೀರಿ. ನಾ ಕಸಾ ಹೊಡೀಬೇಕು."

ಮರುದಿನ ಬಸ್ಸು ಹತ್ತಿದೆ. ಹುನಗುಂದದಲ್ಲಿ ಕೂಡಲಸಂಗಮದ ಕಡೆಯ ಹಿರಿಯರೊಬ್ಬರು ಮಗನೊಂದಿಗೆ ಹತ್ತಿ ನನ್ನ ಪಕ್ಕದಲ್ಲಿ ಕೂತರು. ಹೆಸರು ಮಲ್ಲಪ್ಪ. ಮಗ ಈರಣ್ಣ ಹೊಸ ಧೋತರ ಉಟ್ಟು, ಮಾತಿಲ್ಲದೆ, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಬಾಗಲಕೋಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿಯ ಸಂಗಪ್ಪನವರ ಮಗಳನ್ನು ನೋಡಲು ಹೊರಟಿದ್ದಾರೆಂದೂ, ಮನೆ ಕಿಲ್ಲಾ ಓಣಿಯಲ್ಲಿದೆಯೆಂದೂ, ಇದಕ್ಕೆ ಮೊದಲು ನೋಡಿದ ಕಡೆಯೆಲ್ಲ ಹುಡುಗ ಬಾಯಿಯೇ ಬಿಡುವುದಿಲ್ಲವೆಂದು ಬೇಡ ಅಂದಿದ್ದಾರೆಂದೂ ಮಲ್ಲಪ್ಪ ನನಗೆ ಹೇಳಿದರು. ಮಗನೂ ಕೇಳಿಸಿಕೊಂಡ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಹೆಣ್ಣಿನ ಮನೆಗೆಂದು ಕರದಂಟು ಕೊಂಡು ತಂದರು. ಪೆಟ್ಟಿಗೆ ಥೇಟ್ ನನ್ನದರ ಹಾಗೇ ಇತ್ತು.

ಕಮತಗಿ ದಾಟಿದ ಮೇಲೆ ಮುಂದಿನ ಸೀಟಿನವನು ಬೀಡಿ ಹಚ್ಚಿದ. ನನ್ನ ತೊಡೆಯ ಮೇಲಿನ ಪೆಟ್ಟಿಗೆ ಅವನ ಬೀಡಿಗೆ ಒಂದು ಮೊಳ ದೂರ. ನನಗೆ ಉಬ್ಬಸವಿದೆಯೆಂದು ಸುಳ್ಳು ಹೇಳಿದೆ, ಅವನು ಹೊಗೆಯನ್ನು ಆಚೆ ಬಿಟ್ಟ, ಬೀಡಿಯನ್ನು ಬಿಡಲಿಲ್ಲ. ಆಗ ಸುರಕ್ಷತೆಯ ದೃಷ್ಟಿಯಿಂದ ಪೆಟ್ಟಿಗೆಯನ್ನು ತಲೆಯ ಮೇಲಿನ ಹಲಗೆಯಲ್ಲಿ, ಬೀಡಿಯಿಂದ ದೂರಕ್ಕೆ ಸರಿಸಿ ಇಟ್ಟೆ. ಅಂದರೆ ಮಲ್ಲಪ್ಪನವರ ಪೆಟ್ಟಿಗೆಯ ಪಕ್ಕಕ್ಕೆ. ಜೀವನದಲ್ಲಿ ನಾನು ತೆಗೆದುಕೊಂಡ ಸುರಕ್ಷತೆಯ ಕ್ರಮಗಳಲ್ಲಿ ಅದು ಅತ್ಯಂತ ಅಪಾಯಕಾರಿಯಾದದ್ದು.

ಬಾಗಲಕೋಟೆಯ ಪೇಟೆಯಲ್ಲಿ ಅಪ್ಪ ಮಗ ಮೊದಲು ಇಳಿದು ಹೋದರು. ನಾನು ಹಲಗೆಯಲ್ಲಿ ಉಳಿದಿದ್ದ ಪೆಟ್ಟಿಗೆ ಎತ್ತಿಕೊಂಡು, ಕೊನೆಯಲ್ಲಿ ಇಳಿದು ಸ್ಟೇಷನ್ನಿಗೆ ನಡೆದೆ. ಪೆಟ್ಟಿಗೆ ಮೊದಲಿಗಿಂತ ಭಾರವಾದಂತೆ ಅನ್ನಿಸಿತು. ವಿಜ್ಞಾನದ ಶಿಕ್ಷಕನಾದ ನಾನು ಅದಕ್ಕೆ ನನ್ನ ದಣಿವೇ ಕಾರಣವೆಂದು ನಿರ್ಣಯಿಸಿದೆ.

ಪಾರ್ಸೆಲ್ ಆಫೀಸಿನ ಗುಮಾಸ್ತನಿಗೆ ಎಲ್ಲವನ್ನೂ ಸಾವಕಾಶವಾಗಿ ವಿವರಿಸಿದೆ. ಇದರೊಳಗಿನ ವಸ್ತು ದೋಷಪೂರಿತವಾದದ್ದು, ಅಲುಗಾಡಿಸಬಾರದು, ಬೆಂಕಿಯ ಹತ್ತಿರ ಇಡಬಾರದು ಎಂದೆ. ಅವನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಹೆದರಬೇಡ ಎಂದು ನಾನು ದಾರ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಸಾಲಾಗಿ ಕರದಂಟು ಇತ್ತು. ಗುಮಾಸ್ತ ಮೆಲ್ಲಗೆ ಬಂದು ನೋಡಿ, ಒಂದು ತುಣುಕು ಬಾಯಿಗೆ ಹಾಕಿಕೊಂಡ.

"ದೋಷ ಏನೂ ಇಲ್ರಿ ಮಾಸ್ತರ. ಗೋಡಂಬಿ ಸ್ವಲ್ಪ ಕಡಿಮಿ ಅದಾವ" ಎಂದ.

ಮಲ್ಲಪ್ಪನವರ ಪೆಟ್ಟಿಗೆ ನನ್ನ ಕೈಗೆ ಬಂದಿತ್ತು, ನನ್ನದು ಅವರ ಕೈಗೆ ಹೋಗಿತ್ತು. ಕಂಪನಿಯವರೇ ಬೇಡವೆಂದು ವಾಪಸು ಕರೆದ ಮದ್ದು ಈಗ ಒಂದು ತುಂಬಿದ ಮನೆಯಲ್ಲಿ, ಹೆಣ್ಣು ನೋಡುವ ಶುಭಕಾರ್ಯದಲ್ಲಿ ಕೂತಿದೆ. ಏನೇ ಆಗಲಿ, ಅದನ್ನು ಬಿಡಿಸಿಕೊಂಡು ಬರದೆ ಇಳಕಲ್ಲಿಗೆ ಮುಖ ತೋರಿಸಬಾರದೆಂದು ಕರದಂಟಿನ ಪೆಟ್ಟಿಗೆ ಬಗಲಿಗಿಟ್ಟುಕೊಂಡು ಟಾಂಗಾ ಹತ್ತಿದೆ. ಕುದುರೆಗೆ ನನ್ನ ಅವಸರ ತಿಳಿಯಲಿಲ್ಲ. ಅರ್ಧ ದಾರಿಯಲ್ಲಿ ಇಳಿದು ಓಡಿದೆ.

ಅಲ್ಲಿ ಅಷ್ಟರಲ್ಲಿ ಆದದ್ದು ನನಗೆ ಆಮೇಲೆ ತಿಳಿಯಿತು. ಕರದಂಟನ್ನು ತಾಟಿಗೆ ಹಾಕಲೆಂದು ಪೆಟ್ಟಿಗೆ ಬಿಚ್ಚಿದ ಸಂಗಪ್ಪನವರ ತಾಯಿ, ಒಳಗಿನ ಕಾಗದದ ನಳಿಕೆಗಳನ್ನು ನೋಡಿ, ಬೀಗರು ಧೂಪ ತಂದಿದ್ದಾರೆ ಎಂದು ಸಂತೋಷಪಟ್ಟಿದ್ದರು. ಮಲ್ಲಪ್ಪನವರಿಗೂ ಆಶ್ಚರ್ಯವಾಗಿತ್ತು, ಆದರೆ ಹೆಣ್ಣಿನ ಮನೆಯಲ್ಲಿ ಅದನ್ನು ತೋರಿಸಿಕೊಳ್ಳುವುದು ಹೇಗೆಂದು, ಹೌದು, ಒಳ್ಳೇ ಧೂಪ ಎಂದುಬಿಟ್ಟಿದ್ದರು. ನಾನು ಬಾಗಿಲಿಗೆ ಬಂದಾಗ ಆ ಮುದುಕಿ ಪಡಸಾಲೆಯ ದೇವರ ಜಗಲಿಯ ಮುಂದೆ ಕೂತು, ಅಕ್ಕಿ ತುಂಬಿದ ಹಿತ್ತಾಳೆಯ ಬೋಗುಣಿಯಲ್ಲಿ ಮೋಟಾರುಗಳನ್ನು ನಿಲ್ಲಿಸಿ, ಒಂದೊಂದೇ ಕಡ್ಡಿ ಗೀರುತ್ತ, "ಹತ್ತವಲ್ದು, ಥಂಡಿ ಹಿಡದೈತಿ" ಎನ್ನುತ್ತಿದ್ದರು.

"ಆಯಿ, ಹಚ್ಚಬ್ಯಾಡ್ರಿ! ಅವು ನನ್ನವು!" ಎಂದು ಒಳಗೆ ನುಗ್ಗಿದೆ.

ಜಮಖಾನೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಸಂಗಪ್ಪನವರು ಎದ್ದು, ನೀವು ಯಾರು, ಈ ಸಂಬಂಧ ಕೆಡಿಸಲು ನಿಮ್ಮನ್ನು ಯಾರು ಕಳಿಸಿದರು ಎಂದು ಕೇಳಿದರು. ಮಲ್ಲಪ್ಪನವರು ನನ್ನನ್ನು ಗುರುತಿಸಿ, ಬಸ್ಸಿನ ಮಾಸ್ತರರು ಎಂದರು. ನಾನು ಪೆಟ್ಟಿಗೆ ಬದಲಾದದ್ದನ್ನು ಹೇಳಿ ಕರದಂಟು ಒಪ್ಪಿಸಿದೆ. ಎಲ್ಲರಿಗೂ ಅರ್ಥವಾಯಿತು. ಸಂಗಪ್ಪನವರು ನಕ್ಕು ಚಹಾ ಕುಡಿಯಲು ಹೇಳಿದರು. ಅಲ್ಲಿಗೆ ಬೋಗುಣಿ ಎತ್ತಿಕೊಂಡು ಹೊರಟಿದ್ದರೆ ಈ ಕಥೆ ಬರೆಯುವ ಕೆಲಸ ನನಗೆ ಇರುತ್ತಿರಲಿಲ್ಲ.

ಆದರೆ ಮುದುಕಿ ಇದರಲ್ಲಿ ದೋಷ ಏನು ಎಂದು ಕೇಳಿದರು. ಪ್ರಶ್ನೆ ಕೇಳಿದರೆ ನಾನು ಉತ್ತರಿಸುವವನು. ಒಂದು ಮೋಟಾರನ್ನು ಕೈಗೆ ತೆಗೆದುಕೊಂಡು, ಎಲ್ಲರಿಗೂ ಕಾಣಲೆಂದು ದೇವರ ಮುಂದಿನ ಸಮೆಯ ದೀಪದ ಬೆಳಕಿಗೆ ಹಿಡಿದು, ಬಿರಡೆ ಹೇಗೆ ಸಡಿಲವಿದೆ ಎಂದು ಉಗುರಿನಿಂದ ತಟ್ಟಿ ತೋರಿಸಿದೆ. ಬಹಳ ಸಡಿಲವಿತ್ತು. ಬಿರಡೆ ಬಿತ್ತು, ಹಿಂದೆಯೇ ಮದ್ದಿನ ಪುಡಿ ದೀಪದ ಮೇಲೆ ಉದುರಿತು, ದೀಪದಿಂದ ಬೆಂಕಿ ನನ್ನ ಕೈಯವರೆಗೆ ಬಂತು. ಮೋಟಾರನ್ನು ಬಿಸಾಡಿದೆ. ಅದು ಜಮಖಾನೆಯ ಮೇಲೆ ಬಿದ್ದು ಹಾವಿನಂತೆ ಬುಸುಗುಡುತ್ತ, ಉಪ್ಪಿಟ್ಟಿನ ತಾಟುಗಳ ನಡುವೆ ಸುತ್ತತೊಡಗಿತು. ಮನೆ ತುಂಬ ಹೊಗೆ. ಮಲ್ಲಪ್ಪನವರು ಮಂಚ ಹತ್ತಿದರು. ಸಂಗಪ್ಪನವರು ಬೀದಿಗೆ ಓಡಿ ಬಾಗಿಲನ್ನು ಹೊರಗಿನಿಂದ ಹಾಕಿಕೊಂಡರು. ಉಳಿದವರು ಅಡುಗೆಮನೆಯ ಕಡೆ ಓಡಿದರು.

ಎಲ್ಲರೂ ಒಳಗೆ ಓಡುವಾಗ ಒಬ್ಬಳು ಮಾತ್ರ ಹೊರಗೆ ಬಂದಳು. ಅವಳೇ ನೋಡಬೇಕಾಗಿದ್ದ ಹುಡುಗಿ, ನೀಲಾ. ಹೊಸ ಸೀರೆಯ ನೆರಿಗೆ ಎತ್ತಿ ಕಟ್ಟಿ, ಸೊಂಟದ ಮೇಲೆ ತುಂಬಿದ ಕೊಡ ಹೊತ್ತಿದ್ದಳು. ಸುತ್ತುತ್ತಿದ್ದ ಮೋಟಾರಿನ ಮೇಲೆ ನೀರು ಸುರಿದಳು. ಬೋಗುಣಿಯಲ್ಲಿ ನಿಂತಿದ್ದವುಗಳ ಮೇಲೆ ಸುರಿದಳು. ಉಳಿದದ್ದನ್ನು ನನ್ನ ಮೇಲೆ ಸುರಿದಳು. ನನಗೆ ಬೆಂಕಿ ಹತ್ತಿರಲಿಲ್ಲ, ಅದನ್ನು ಹೇಳಲು ಅವಳು ಅವಕಾಶ ಕೊಡಲಿಲ್ಲ.

ಹೊಗೆ ತಿಳಿಯಾದಾಗ ಪಡಸಾಲೆಯಲ್ಲಿ ತಮ್ಮ ತಮ್ಮ ಜಾಗದಲ್ಲೇ ಇದ್ದವರು ಮುದುಕಿ, ನಾನು ಮತ್ತು ಈರಣ್ಣ. ಮುದುಕಿ ಸುತ್ತಲೂ ನೋಡಿ, ಈರಣ್ಣನನ್ನು ನೋಡಿದರು.

"ನನ್ನ ಮಗಾ ಓಡಿದ. ಬೀಗ ಮಂಚಾ ಹತ್ತಿದ. ಈ ಹುಡುಗ ಕುಂತ ಜಾಗಾ ಬಿಟ್ಟು ಅಲುಗಲಿಲ್ಲ. ಎಂಥಾ ಧೈರ್ಯ ಐತಿ" ಎಂದರು.

ಖರೆ ಸಂಗತಿ ಏನೆಂದರೆ, ಅವನ ಧೋತರದ ಚುಂಗು ನನ್ನ ಬೂಟಿನ ಕೆಳಗೆ ಸಿಕ್ಕಿತ್ತು. ಅವನು ಏಳಲು ಎರಡು ಸಲ ಪ್ರಯತ್ನಿಸಿದ್ದು ನನ್ನ ಕಾಲಿಗೆ ಗೊತ್ತಾಗಿತ್ತು. ನಾನು ಮೆಲ್ಲಗೆ ಕಾಲು ತೆಗೆದೆ. ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ನೀಲಾ ಖಾಲಿ ಕೊಡ ಇಳಿಸಿ, "ಬಾಯಾಗ ಮಾತಾದ್ರೂ ಅದಾವೇನು ಕೇಳ್ರಿ" ಎಂದಳು.

"ಅದಾವ" ಎಂದ ಈರಣ್ಣ. ಧೋತರದ ಚುಂಗು ಕೊಡವಿಕೊಳ್ಳುತ್ತ, "ಇನ್ನೊಂದು ಕೊಡಾ ನೀರು ತರ್ರಿ, ಜಮಖಾನಿ ಇನ್ನೂ ಹೊಗಿ ಬಿಡಾಕತ್ತೈತಿ" ಎಂದೂ ಹೇಳಿದ. ಮಗ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ಕೇಳಿ ಮಲ್ಲಪ್ಪನವರು ಮಂಚದಿಂದ ಇಳಿದು ಬಂದರು. ನೀಲಾ ನಕ್ಕಳು. ಬೀದಿಯಲ್ಲಿದ್ದ ಸಂಗಪ್ಪನವರನ್ನು ಒಳಗೆ ಕರೆಯುವ ಹೊತ್ತಿಗೆ ಸಂಬಂಧ ಗಟ್ಟಿಯಾಗಿತ್ತು.

ನನ್ನ ಮೋಟಾರುಗಳು ಮಾತ್ರ ಗಟ್ಟಿ ಉಳಿಯಲಿಲ್ಲ. ನೀರು ಕುಡಿದು ಉಬ್ಬಿ, ಒಡೆದು, ಅಕ್ಕಿಯೊಳಗೆ ಕಲಸಿ ಕರಿ ಅಂಬಲಿಯಾಗಿದ್ದವು. ಅಂಬಲಿಗೆ ಯಾವ ಕಂಪನಿಯೂ ಬದಲಿ ಕೊಡುವುದಿಲ್ಲ. ಸುರೇಶನ ಹಡಗು ಹೋಯಿತು. ಸಮ್ಮೇಳನದ ದಿನ ನಾನು ಜ್ವರ ಬಂದಿದೆಯೆಂದು ಚೀಟಿ ಕಳಿಸಿ ಮನೆಯಲ್ಲಿ ಮಲಗಿದೆ. ಶಕುಂತಲಾ ಕೇಳಿದವರಿಗೆಲ್ಲ ಜ್ವರವೆಂದೇ ಹೇಳಿದಳು, ನಗುತ್ತ ಹೇಳಿದಳು.

ಮದುವೆಯ ಸೀರೆ ಕೊಳ್ಳಲು ಮಲ್ಲಪ್ಪನವರು ಇಳಕಲ್ಲಿಗೆ ಬಂದಾಗ ನಮ್ಮ ಮನೆಗೂ ಬಂದು ಲಗ್ನಪತ್ರಿಕೆ ಕೊಟ್ಟರು. ಇಬ್ಬರೂ ತಪ್ಪದೆ ಬರಬೇಕು ಎಂದು ಶಕುಂತಲಾಳಿಗೆ ಹೇಳಿ, ನನ್ನ ಕಡೆ ತಿರುಗಿ, "ಮಾಸ್ತರ, ನೀವು ಖಾಲಿ ಕೈಲೆ ಬರ್ರಿ" ಎಂದರು. ದೊಡ್ಡ ಮನಸ್ಸು ಎಂದುಕೊಂಡೆ.

ಮದುವೆಗೆ ಹೋದೆವು. ನನಗೆ ವಿಶೇಷ ಮರ್ಯಾದೆ ಸಿಕ್ಕಿತು. ಊಟಕ್ಕೆ ಎಲ್ಲರನ್ನೂ ಚಪ್ಪರದ ಕೆಳಗೆ ಕೂಡಿಸಿದರು. ನನ್ನನ್ನು ಮಾತ್ರ ಕೈ ಹಿಡಿದು ಕರೆದೊಯ್ದು ಬಾವಿಯ ಕಟ್ಟೆಯ ಪಕ್ಕ ಬೇರೆ ಎಲೆ ಹಾಕಿಸಿ ಕೂಡಿಸಿದರು. ಹೋಳಿಗೆಗೆ ತುಪ್ಪ ತಂದವನು ಮೊದಲು ನನ್ನ ಅಂಗಿಯ ಎರಡೂ ಜೇಬು ತಟ್ಟಿ ನೋಡಿ, ಆಮೇಲೆ ಬಡಿಸಿದ.