ಷಡ್ಡಕನ ಹಂದಿ ಏನು ತಿನ್ನುತ್ತದೆ?

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಮುಚ್ಚಿಟ್ಟರೂ ಮುಖದಲ್ಲಿ ಕಾಣುತ್ತದೆ, ಅದಕ್ಕೇ ನಾನೇ ಹೇಳಿಬಿಡುತ್ತೇನೆ. ಇಂಥವನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ.

ವಾಡಿಯ ಹತ್ತಿರ ನನ್ನದೂ ನನ್ನ ಷಡ್ಡಕನದೂ ಹಂದಿ ಶೆಡ್ಡುಗಳು ಅಕ್ಕಪಕ್ಕ ಇವೆ. ನಡುವೆ ಎದೆಮಟ್ಟದ ಫರ್ಸಿಕಲ್ಲಿನ ಗೋಡೆ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ನನಗಿಂತ ಆರು ವರ್ಷ ಚಿಕ್ಕವನು, ಆದರೆ ಅವನ ಹಂದಿಗಳು ನನ್ನವಕ್ಕಿಂತ ದಪ್ಪ. ಪಶು ಡಾಕ್ಟರು ತರಬೇತಿಗೆ ಬಂದವರನ್ನು ಪ್ರತಿ ಸಲ ಅವನ ಶೆಡ್ಡಿಗೇ ಕರೆದುಕೊಂಡು ಹೋಗುತ್ತಾರೆ. ಒಂದೇ ಒಂದು ಸಲ ನನ್ನ ಶೆಡ್ಡಿಗೆ ಬಂದು, "ಹಂದಿ ಅಂದ್ರ ಹಿಂಗಿರಬೇಕು" ಅನ್ನಲಿ ಎಂಬುದಷ್ಟೇ ನನ್ನ ಆಸೆ. ಸೋಯಾ ಹಿಂಡಿ ತುಟ್ಟಿಯಾಗಿ, ಬದಲಿಗೆ ಏನು ಹಾಕುವುದು ಎಂದು ಎಲ್ಲರೂ ತಲೆ ಕೆಡಿಸಿಕೊಂಡಾಗ, ನನ್ನ ಕಾಲ ಬಂತು ಅಂದುಕೊಂಡೆ.

ಕುಸುಬಿ ಹಿಂಡಿ

ಒಂದು ದಿನ ಅವನು ಸದ್ದಿಲ್ಲದೆ ಸೇಡಂ ಕಡೆ ಹೊರಟ. ನಾನು ಬೈಕಿನಲ್ಲಿ ಹಿಂದೆಯೇ ಹೋದೆ. ಗಾಣದ ಮುಂದೆ ನಿಂತು ನಾಲ್ಕು ಚೀಲ ಕುಸುಬಿ ಹಿಂಡಿ ಹೇರಿಸಿಕೊಂಡ. ಅವನು ಮರೆಯಾಗುತ್ತಲೇ ನಾನು ಎಂಟು ಚೀಲ ಹೇರಿಸಿದೆ.

ನನ್ನ ಹಂದಿಗಳು ಮೂಸಿ ನೋಡಿ ಮುಖ ತಿರುಗಿಸಿದವು. ಹೊಸದು, ರೂಢಿಯಾಗಲಿ ಎಂದು ಎರಡು ದಿನ ಬೇರೇನೂ ಹಾಕಲಿಲ್ಲ. ಅವು ಉಪವಾಸ ಮಲಗಿದವು. ಮೂರನೆಯ ದಿನ ತಡೆಯಲಾಗದೆ, ನಿನ್ನ ಹಂದಿಗಳು ಕುಸುಬಿ ಹಿಂಡಿ ಹೇಗೆ ತಿನ್ನುತ್ತವೆ ಎಂದು ಗೋಡೆಯ ಮೇಲಿಂದ ಕೇಳಿಯೇಬಿಟ್ಟೆ.

"ಹಂದಿಗ್ಯಾಕ ಹಾಕ್ಲಿ ಅಣ್ಣಾರ, ಅದು ಭಾಳ ಕಹಿ ಇರ್ತದ" ಅಂದ. "ಲಿಂಬಿ ಗಿಡಕ್ಕ ಗೊಬ್ಬರ ಅಂತ ತಂದೀನಿ."

ತೊಗರಿ ನುಚ್ಚು

ಚಿತ್ತಾಪುರದ ಬೇಳೆ ಮಿಲ್ಲಿನಿಂದ ತೊಗರಿ ನುಚ್ಚು ತಂದೆ. ಹಸಿಯದು ಜೀರ್ಣವಾಗುವುದಿಲ್ಲ, ಬೇಯಿಸಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ಹೊಸ ಹಂಡೆ ತಂದು ಶೆಡ್ಡಿನ ಹಿಂದೆ ಒಲೆ ಹೂಡಿ, ಚಿಟಿಕೆ ಉಪ್ಪು ಹಾಕಿ ಕುದಿಯಲು ಬಿಟ್ಟು, ನೀರು ತರಲು ಹೋದೆ.

ಬರುವಷ್ಟರಲ್ಲಿ ಕೊಡ್ಲಿ ಊರಿನಿಂದ ಮಾವನವರು ಬಂದು ಹಂಡೆಯ ಪಕ್ಕ ಕುಳಿತಿದ್ದರು. ಹಸಿದಿದ್ದರಂತೆ. ಬುತ್ತಿಯ ರೊಟ್ಟಿ ಬಿಚ್ಚಿ, ಎರಡು ಸೌಟು ಬಡಿಸಿಕೊಂಡು ಆಗಲೇ ಅರ್ಧ ಮುಗಿಸಿದ್ದರು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನನ್ನ ಮನೆಯ ಊಟವನ್ನು ಅವರು ಒಮ್ಮೆಯೂ ಹೊಗಳಿದವರಲ್ಲ. ಹೊಗಳಿಕೆಯೆಲ್ಲ ಸಣ್ಣ ಮಗಳ ಮನೆಗೇ. ಆ ದಿನ ಬೆರಳು ನೆಕ್ಕುತ್ತ, "ಸಣ್ಣಕಿ ಮನ್ಯಾಗಿಂತ ನಿಮ್ಮ ಮನಿ ಬ್ಯಾಳಿ ರುಚಿ ಅದ ನೋಡ್ರಿ" ಅಂದರು.

ಬಾಯಿಯ ತನಕ ಬಂದ ನಿಜವನ್ನು ನುಂಗಿಕೊಂಡು ಇನ್ನೊಂದು ಸೌಟು ಬಡಿಸಿದೆ. ಅವತ್ತು ಹಂದಿಗಳಿಗೆ ಅರೆಹೊಟ್ಟೆ.

ಹುಳ

ಕಪ್ಪು ನೊಣದ ಹುಳ ಸಾಕಿ ಹಂದಿಗೆ ಹಾಕಿದರೆ ಸೋಯಾ ಬೇಕಿಲ್ಲ ಎಂದು ಡಾಕ್ಟರು ಹೇಳಿದರು. ಕೊಳೆತ ತರಕಾರಿ ತಿಂದು ಬೆಳೆಯುತ್ತವೆ. ಬಲಿತ ಮೇಲೆ ಒಣ ಜಾಗ ಹುಡುಕಿಕೊಂಡು ತಾವೇ ಮೇಲೆ ಹತ್ತುತ್ತವೆ. ಇಳಿಜಾರು ಹಲಗೆಯೊಂದನ್ನು ಇಟ್ಟು, ಅದರ ತುದಿಗೆ ಬಕೆಟ್ಟು ಕಟ್ಟಿದರೆ ಬಂದು ಬೀಳುತ್ತವೆ.

ಷಡ್ಡಕನಿಗೆ ಸುಳಿವು ಸಿಗಬಾರದೆಂದು ಹುಳದ ತೊಟ್ಟಿಯನ್ನು ಗೋಡೆಯ ಬುಡದಲ್ಲೇ ಅಡಗಿಸಿದೆ. ಹಲಗೆಯನ್ನು ಗೋಡೆಯ ಮೇಲಂಚಿಗೇ ಒರಗಿಸಿ, ಬಕೆಟ್ಟನ್ನು ಪಕ್ಕಕ್ಕೆ ತೂಗುಹಾಕಿದೆ. ದಿನಾ ಶಹಾಬಾದ್ ಮಾರುಕಟ್ಟೆಯ ಕೊಳೆತ ಬದನೆಕಾಯಿ ಹೊತ್ತು ತಂದು ಸುರಿದೆ. ತೊಟ್ಟಿಯ ತುಂಬ ಹುಳ, ಬಕೆಟ್ಟಿನಲ್ಲಿ ಮಾತ್ರ ಹತ್ತೋ ಹನ್ನೆರಡೋ. ಇನ್ನೂ ಬಲಿತಿಲ್ಲ ಎಂದು ಮತ್ತಷ್ಟು ಬದನೆಕಾಯಿ ಹಾಕಿದೆ.

ಒಂದು ತಿಂಗಳಿಗೆ ಡಾಕ್ಟರು ಚಿಂಚೋಳಿ ಕಡೆಯ ಇಪ್ಪತ್ತು ಜನರನ್ನು ಕರೆದುಕೊಂಡು ಬಂದರು. ನನ್ನ ಶೆಡ್ಡಿಗೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದೆ. ತೊಟ್ಟಿ ನೋಡಿ ಡಾಕ್ಟರು ಖುಷಿಪಟ್ಟರು. ಬಕೆಟ್ಟಿನಲ್ಲಿ ಇಣುಕಿದರು. ಆಮೇಲೆ ಸಾಲು ಹಿಡಿದು ಹಲಗೆ ಹತ್ತುತ್ತಿದ್ದ ಹುಳಗಳನ್ನೇ ನೋಡುತ್ತ ಹೋಗಿ, ಗೋಡೆಯ ಆಚೆ ಬಗ್ಗಿದರು. ನಾನೂ ಬಗ್ಗಿದೆ.

ಕೆಳಗೆ ಷಡ್ಡಕನ ಹಂದಿಗಳು ಸಾಲಾಗಿ ಮೂತಿ ಮೇಲೆತ್ತಿ ನಿಂತಿದ್ದವು.

"ತಿಂಗಳಾತ್ರಿ ಡಾಕ್ಟ್ರ, ನಾ ಹಿಂಡಿನೇ ತಂದಿಲ್ಲ" ಎಂದು ಅವನು ಕೈಮುಗಿದ. "ಎಲ್ಲಾ ಅಣ್ಣಾರೇ ನಡಸಲಾಕತ್ತ್ಯಾರ."

ಡಾಕ್ಟರು ಜನರ ಕಡೆ ತಿರುಗಿದರು. "ಹುಳ ಹೆಂಗ ಸಾಕಬೇಕು ಅಂತ ಇಲ್ಲಿ ನೋಡಿದ್ರಿ. ಹಂದಿ ಹೆಂಗಿರಬೇಕು ಅಂತ ಆ ಕಡಿ ಬಂದು ನೋಡ್ರಿ."

ನನ್ನ ಬಕೆಟ್ಟನ್ನೇ ಬೋರಲು ಹಾಕಿ, ಅದರ ಮೇಲೆ ಕಾಲಿಟ್ಟು ಇಪ್ಪತ್ತೂ ಜನ ಗೋಡೆ ದಾಟಿದರು. ಬಕೆಟ್ಟು ಅಲುಗದಂತೆ ಹಿಡಿದುಕೊಂಡು ಕೂತವನು ನಾನು.