ಎಡಪ್ಪಾಡಿ ಬೀಗರೂ ನನ್ನ ಕಾಗದದ ಗೋಡೆಯೂ

ಗೋಡೆ ಯಾತಕ್ಕೆ ಬೇಕು ಎಂಬುದು ಗೋಡೆ ಇರುವವರೆಗೂ ಯಾರಿಗೂ ಹೊಳೆಯುವುದಿಲ್ಲ. ಅದು ಸೂರು ಹೊರುತ್ತದೆ, ದೇವರ ಪಟಕ್ಕೆ ಮೊಳೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಬೆನ್ನಿಗೆ ತಂಪು ಕೊಡುತ್ತದೆ ಎಂದಷ್ಟೇ ನಾನೂ ತಿಳಿದಿದ್ದೆ. ಇದಕ್ಕಿಂತ ದೊಡ್ಡ ಉಪಕಾರವೊಂದನ್ನು ಅದು ಸದ್ದಿಲ್ಲದೆ ಮಾಡುತ್ತಿರುತ್ತದೆ ಎಂದು ಗೊತ್ತಾದದ್ದು ನನ್ನ ಮಗಳನ್ನು ನೋಡಲು ಎಡಪ್ಪಾಡಿ ಊರಿನವರು ಬಂದ ದಿನ. ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ; ನನ್ನ ಹೆಂಡತಿ ನಂಜಮ್ಮನಿಗೆ ಮಾತ್ರ ನಗು ಬರುತ್ತದೆ.

ಎಲ್ಲಕ್ಕೂ ಮೂಲ ಮದರಾಸು. ನಾವು ಸೇಲಂನಲ್ಲಿ ನೆಲೆಸಿದ ಕನ್ನಡದ ನೇಕಾರರು. ನೂಲಿನ ವಿಚಾರ ಮಾತಾಡಲು ಮದರಾಸಿಗೆ ಹೋದ ನಾನು ಅಲ್ಲಿನ ನೂಲಿನ ಏಜೆಂಟನೊಬ್ಬನ ಮನೆಗೆ ಊಟಕ್ಕೆ ಹೋದೆ. ಸಮುದ್ರಕ್ಕೆ ಮುಖ ಮಾಡಿದ ಹೊಸ ಕಟ್ಟಡದ ಮೇಲಿನ ಅಂತಸ್ತು. ಅದಕ್ಕೆ ಫ್ಲ್ಯಾಟ್ ಎನ್ನುತ್ತಾರಂತೆ. ಒಳಗೆ ಮೇಜು ಕುರ್ಚಿಗಳ ಸುಳಿವೇ ಇಲ್ಲ. ದಪ್ಪನೆಯ ಹುಲ್ಲಿನ ಚಾಪೆ, ಒಂದು ಮಣ್ಣಿನ ಹೂಜಿ, ಹೂಜಿಯಲ್ಲಿ ಒಂದೇ ಒಂದು ಕಡ್ಡಿ. ಎರಡು ಕೋಣೆಗಳ ನಡುವೆ ತೆಳುಮರದ ಚೌಕಗಳಿಗೆ ಬಿಳಿ ಕಾಗದ ಅಂಟಿಸಿದ ಗೋಡೆ. ಬೆರಳಲ್ಲಿ ತಳ್ಳಿದರೆ ಅದು ಬಾಗಿಲಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಬಿಸಿಲು ಅದರಲ್ಲಿ ಸೋಸಿಕೊಂಡು ಮೆಲ್ಲಗೆ ನೆಲಕ್ಕಿಳಿಯುತ್ತಿತ್ತು. ನಮ್ಮ ಕಡೆ ಪೈತ್ಯ ಎನ್ನುತ್ತಾರಲ್ಲ, ಆ ಹುಚ್ಚು ನನಗೆ ಹಿಡಿಯಲು ಅಷ್ಟು ಸಾಕಾಯಿತು. ಕಾಗದ ಜಪಾನಿನದು, ಕೆಲಸವೂ ಜಪಾನಿನ ಬಡಗಿಯದು ಎಂದು ಏಜೆಂಟ ಹೇಳಿದ. ಆ ದೇಶದವರು ಇಂಥ ಗೋಡೆಯ ಹಿಂದೆ ಕೂತು ಪಿಸುಮಾತಿನಲ್ಲೇ ಸಂಸಾರ ಮಾಡುತ್ತಾರೆ ಎಂದೂ ಹೇಳಿದ. ನಾನು ಅಳತೆ ತೆಗೆದುಕೊಂಡೆ, ಕಾಡಿ ಬೇಡಿ ಒಂದು ಸುರುಳಿ ಕಾಗದ ಪಡೆದೆ. ಆ ಕೊನೆಯ ಮಾತನ್ನು ಮಾತ್ರ ಅಲ್ಲೇ ಬಿಟ್ಟು ರೈಲು ಹತ್ತಿದೆ.

ನಮ್ಮ ಮನೆಗೆ ಆಗಷ್ಟೇ ಮಹಡಿ ಎಬ್ಬಿಸಿದ್ದೆ. ನಮ್ಮ ಮಗ್ಗಗಳನ್ನು ನೆಲದಲ್ಲಿ ಗುಂಡಿ ತೋಡಿಯೇ ಹೂಡಬೇಕು. ಹಾಗಾಗಿ ಅವು ಮಹಡಿ ಹತ್ತುವಂತಿರಲಿಲ್ಲ. ಮನೆಯಲ್ಲಿ ನನ್ನ ಮಾತು ನಡೆಯುವ ಜಾಗ ಆ ಮಹಡಿಯೊಂದೇ ಎಂದು ನಾನು ನಂಬಿದ್ದೆ. ಕಾಗದ ನೋಡಿದ ನಂಜಮ್ಮ, "ಜಪಾನಿನೋರು ಅಗ್ಗದ್ ಬಟ್ಟೆ ತಂದು ನಮ್ ಸೀರೆ ಯಾಪಾರಕ್ಕೆ ಕಲ್ಲಾಕವ್ರೆ. ನೀವು ಅವ್ರ ಗೋಡೆ ತಂದು ಮನ್ಯಾಗೆ ನಿಲ್ಲಿಸ್ತೀರಾ? ಸೇಲಂನಾಗೆ ಇಟ್ಟಿಗೆ ಸಿಗಾಕಿಲ್ವಾ?" ಎಂದಳು. ಬಡಗಿ ಪೊನ್ನುಸಾಮಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕದವುಕ್ಕು ಪೇಪರಾ, ಸಾಮಿ?" ಎಂದು, ಬಾಗಿಲಿಗೆ ಕಾಗದವೇ ಎಂದು ತಮಿಳಿನಲ್ಲಿ ಕೇಳಿ, ನನ್ನ ಮುಖ ನೋಡಿ, ಮರ ಕೊಯ್ಯಲು ಕೂತ. ಆದರೆ ಅಂಟಿಸುವ ಹೊತ್ತಿಗೆ ನಂಜಮ್ಮನೇ ಸೆರಗು ಕಟ್ಟಿ ಬಂದಳು. ಗಂಜಿ ಎಂದರೆ ನೇಕಾರರ ಹೆಣ್ಣುಮಕ್ಕಳು ಬಿಡುವುದುಂಟೇ? ಹಾಸಿನ ನೂಲಿಗೆ ಹಾಕುವ ಗಂಜಿಯನ್ನೇ ಕಾಯಿಸಿ, ಕುಂಚದಲ್ಲಿ ಧಾರಾಳವಾಗಿ ಬಳಿದಳು. ಕಾಗದ ಒಣಗಿ ತಮಟೆಯ ಹಾಗೆ ಬಿಗಿಯಿತು. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ಎಡಪ್ಪಾಡಿಯವರು ಬರುವ ಸುದ್ದಿ ಬಂತು. ಆ ಹುಡುಗನನ್ನು ನನ್ನ ಮಗಳು ಚಿನ್ನಮ್ಮ ನೆಂಟರ ಮದುವೆಯೊಂದರಲ್ಲಿ ನೋಡಿ ಮೆಚ್ಚಿದ್ದಳು. ಇದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಎಡಪ್ಪಾಡಿಯ ಹೆಸರೆತ್ತಿದರೆ ಅವಳ ಲಾಳಿ ತಪ್ಪುತ್ತಿತ್ತು, ಅಷ್ಟೆ. ಇದಕ್ಕೆ ಮೊದಲು ಧರ್ಮಪುರಿಯ ಸಂಬಂಧವೊಂದು ನನ್ನ ಬಾಯಿಂದಲೇ ಮುರಿಯಿತು ಎಂಬುದು ನಂಜಮ್ಮನ ದೂರು. "ಈ ಸಲ ಸುಮ್ಕೆ ಕುಂತ್ಕಳಿ. ಇದೂ ತಪ್ಪೋದ್ರೆ ಮಗ್ಳು ಮೂಲೆ ಸೇರ್ತಾಳೆ" ಎಂದು ಅವಳು ಮೊದಲೇ ಎಚ್ಚರಿಸಿದ್ದಳು.

ಅವರು ಬಂದದ್ದು ಅಮಾವಾಸ್ಯೆಯಂದು. ಅಂದು ನಮ್ಮವರಲ್ಲಿ ಯಾರೂ ಮಗ್ಗಕ್ಕೆ ಕೂರುವುದಿಲ್ಲ, ಆದ್ದರಿಂದ ಹೆಣ್ಣು ನೋಡಲು ಅದೇ ಅನುಕೂಲದ ದಿನ. ಹುಡುಗ, ಅವನ ಅಪ್ಪ, ಅಮ್ಮ ಮೂವರನ್ನೂ ಮಹಡಿಯ ಒಳಗಿನ ಕೋಣೆಯಲ್ಲಿ, ಮದರಾಸಿನಂತೆಯೇ ನಾನು ಇಟ್ಟಿದ್ದ ಹೂಜಿಯ ಪಕ್ಕ, ಚಾಪೆಯ ಮೇಲೆ ಕೂರಿಸಿದೆವು. ಚಿನ್ನಮ್ಮ ಒಬ್ಬಟ್ಟು ಕೊಟ್ಟು ಬಂದಳು. ಹುಡುಗ ಅವಳತ್ತ ನೋಡದೆ ಹೂಜಿಯತ್ತ ನೋಡಿ ನಕ್ಕದ್ದು ನನಗೆ ವಿಚಿತ್ರವಾಗಿ ಕಂಡಿತು. "ನೀವು ಮಾತಾಡಿಕೊಳ್ಳಿ" ಎಂದು ನಾನು ಈಚೆಗೆ ಬಂದು, ಬಾಗಿಲನ್ನು ಬೆರಳಲ್ಲಿ ತಳ್ಳಿ ಮುಚ್ಚಿದೆ. ಆಮೇಲೆ ನಾನೂ ನಂಜಮ್ಮನೂ ಪಿಸುಮಾತಿಗೆ ತೊಡಗಿದೆವು.

ನೇಕಾರರ ಪಿಸುಮಾತು ಎಂದರೇನೆಂದು ತಿಳಿಯದವರಿಗೆ ಹೇಳಬೇಕು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ಮೇಲೆ ಮಾತಾಡಿದವರು ನಾವು. ನಮ್ಮ ಗುಟ್ಟು ಬೇರೆಯವರಿಗೆ ಬೀದಿಗೂಗು. ಮಗ್ಗ ನಿಂತಿತ್ತು, ಗೋಡೆ ಕಾಗದವಾಗಿತ್ತು, ನಾವಿಬ್ಬರೂ ಎಂದಿನಂತೆ ಮೆಲ್ಲಗೆ ಮಾತಾಡಿದೆವು.

"ಉಡ್ಗನ್ ನೋಟ ಯಾಕೋ ಸರಿಗಿಲ್ಲ ಕಣೆ. ಊಜಿ ನೋಡ್ಕಂಡು ನಗ್ತಾನೆ."

"ಅದಿರ್ಲಿ, ಒಬ್ಬಟ್ಟು ಮಾಡಿದ್ದು ನಮ್ಮತ್ತಿಗೆ ಅಂತ ಏಳ್ಬಿಡನಾ? ಚಿನ್ನಮ್ಮಂಗೆ ಸಾರು ಬಿಟ್ರೆ ಏನೂ ಬರಾಕಿಲ್ಲ."

ಆ ಕಡೆ ಒಬ್ಬಟ್ಟು ಅಗಿಯುವ ಸದ್ದು ನಿಂತಿತು. ಆಮೇಲೆ ಹುಡುಗನ ತಾಯಿಯ ಪಿಸುಮಾತು ಗುಡುಗಿತು: "ಕೇಳುಸ್ತಾ? ಒಬ್ಬಟ್ಟು ಅವ್ರತ್ತಿಗೆ ಮಾಡಿದ್ದಂತೆ."

"ಸುಮ್ಕಿರು. ಇವ್ನ ಕಣ್ಣಾಡಿ ಜೋಬ್ನಾಗೈತೆ ಅನ್ನಾದು ಅವ್ರಿಗೆ ಗೊತ್ತಾ? ಅದಿಲ್ದೆ ಇವ್ನು ಉಡ್ಗೀನೂ ಕಾಣ, ಊಜೀನೂ ಕಾಣ" ಎಂದರು ಅಪ್ಪ, ಕನ್ನಡಕದ ಗುಟ್ಟು ಬಿಟ್ಟುಕೊಟ್ಟು.

ಮಗಳ ಮದುವೆ ಕಣ್ಣೆದುರೇ ಕೈತಪ್ಪಿತು ಎಂದುಕೊಂಡು, ಕ್ಷಮೆ ಕೇಳಲು ಬಾಗಿಲು ಎಳೆದೆ. ಅದು ಅಲುಗಲಿಲ್ಲ. ನಂಜಮ್ಮನ ಧಾರಾಳದ ಗಂಜಿ ಬಾಗಿಲು ಸರಿಯುವ ಕೆಳಗಿನ ಜಾಡಿಗಿಳಿದು ಸಿಮೆಂಟಿನಂತೆ ಗಟ್ಟಿಯಾಗಿ, ಮುಚ್ಚಿದ ಬಾಗಿಲನ್ನು ಕಚ್ಚಿ ಹಿಡಿದಿತ್ತು. ನಾನು ಈಚೆಯಿಂದ ಎಳೆದೆ, ಬೀಗರಾಗಬೇಕಾದವರು ಆಚೆಯಿಂದ ತಳ್ಳಿದರು.

ಆಗ ಚಿನ್ನಮ್ಮ ಮುಂದೆ ಬಂದು, ಕಾಗದಕ್ಕೆ ಮುಖ ಮಾಡಿ ಹೇಳಿದಳು: "ಅವ್ರಿಗೆ ಕಣ್ಣಾಡಿ ಆಕ್ಕಳಕ್ ಏಳಿ. ಮದ್ವೆ ಮನ್ಯಾಗೆ ನೋಡಿದ್ದೆ. ಅದ್ರಾಗೇ ಚೆಂದಾಗಿದ್ರು."

ಆಚೆ ಜೇಬು ತಡಕುವ ಸದ್ದಾಯಿತು. ಆಮೇಲೆ ನನ್ನ ಜಪಾನಿನ ಕಾಗದದಲ್ಲಿ ಪಟ್ ಎಂದು ಒಂದು ಬೆರಳು ಮೂಡಿತು. ಬೆರಳು ಹಿಂದಕ್ಕೆ ಹೋದ ಜಾಗದಲ್ಲಿ ಕನ್ನಡಕದ ಗಾಜೊಂದು ಮಿನುಗಿತು.

"ಈಗ ಕಾಣುಸ್ತಾ?" ಎಂದಳು ಮಗಳು.

"ಚೆನ್ನಾಗ್ ಕಾಣುಸ್ತು" ಎಂದಿತು ತೂತು.

ನಂಜಮ್ಮ ನಗಲು ಶುರುಮಾಡಿದಳು. ಆಚೆಯ ತಾಯಿಯೂ ನಕ್ಕಳು. ಗೋಡೆಯೆಲ್ಲ ಪಟಪಟ ಅದುರಿತು. ನಾನಂತೂ ಅಳುವಷ್ಟು ಸಂತೋಷಪಟ್ಟೆ. ಬಾಗಿಲ ಜಾಡಿಗೆ ಬಿಸಿನೀರು ಹುಯ್ದು ಗಂಜಿ ಕರಗಿಸಿ ಬೀಗರನ್ನು ಬಿಡಿಸುವಷ್ಟರಲ್ಲಿ ಮದುವೆ ನಿಶ್ಚಯವೇ ಆಗಿಹೋಗಿತ್ತು.

ಉಳಿದವರು ಎಲೆ ಅಡಿಕೆಗೆ ಕೆಳಗಿಳಿದರು. ತಾಯಂದಿರಿಬ್ಬರೂ ಮೆಟ್ಟಿಲ ಬಳಿ ಮಾತಾಡುತ್ತ ನಿಂತರು. ಬಾಗಿಲು ಈಗಲಾದರೂ ಮದರಾಸಿನಂತೆ ಸರಿಯುತ್ತದೆಯೇ ನೋಡೋಣವೆಂದು ನಾನು ಒಳಕೋಣೆಗೆ ಹೋಗಿ ಮುಚ್ಚಿದೆ. ಅದು ಮತ್ತೆ ಕಚ್ಚಿಕೊಂಡಿತು. ಅಷ್ಟರಲ್ಲಿ ಆಚೆಯಿಂದ ಪಿಸುಮಾತು ಕೇಳಿಬಂತು.

"ಉಡ್ಗಿ ಬಂಗಾರ ಕಣಮ್ಮ. ಅವ್ರಪ್ಪಂಗೆ ಈ ಜಪಾನ್ ಪೈತ್ಯ ಯಾವಾಗಿಂದ?"

"ಜಪಾನ್ ಈಗ ಬಂದದ್ದು. ಪೈತ್ಯ ನನ್ ಮದ್ವೇಲೇ ಇತ್ತು" ಎಂದಳು ನಂಜಮ್ಮ.

ಇಬ್ಬರೂ ನಗುತ್ತ ಮೆಟ್ಟಿಲಿಳಿಯತೊಡಗಿದರು. ಒಳಗೆ ಸಿಕ್ಕಿಕೊಂಡಿದ್ದೇನೆ ಎಂದು ಕೂಗೋಣವೆಂದರೆ ಎಲ್ಲ ಕೇಳಿಸಿಕೊಂಡದ್ದು ಬಯಲಾಗುತ್ತದೆ. ಕೊನೆಗೆ ತೂತಿಗೆ ಬಾಯಿಟ್ಟು, ಬದುಕಿನಲ್ಲಿ ಮೊದಲ ಸಲ ಅಸಲಿ ಜಪಾನಿನವನ ಹಾಗೆ ಪಿಸುಗುಟ್ಟಿದೆ: "ನಂಜೀ, ಬಾಗ್ಲು ತಗಿಯೇ." ಯಾರಿಗೂ ಕೇಳಿಸಲಿಲ್ಲ.