ಕುಣಿಗಲ್ಲಿನ ಏಕೈಕ ವೀಕ್ಷಕ

"ಇನ್ನು ಯಾರ ಹಂಗೂ ಬೇಡ! ನನ್ನ ವಿಡಿಯೋ, ನನ್ನ ಸರ್ವರ್, ನನ್ನ ರಾಜ್ಯ!" ಎಂದು ತುಮಕೂರಿನ ಏಕಾಂತಯ್ಯ ಘೋಷಿಸಿದಾಗ ಕೇಳಿಸಿಕೊಂಡದ್ದು ಅಡುಗೆಮನೆಯ ಫ್ರಿಜ್ ಒಂದೇ. ತಾಯಿ ಸೊಂಟ ಮುರಿದುಕೊಂಡಿದ್ದರಿಂದ ಹೆಂಡತಿ ಸರ್ವಮಂಗಳ ಆರೈಕೆಗೆಂದು ತವರೂರು ಹಾಗಲವಾಡಿಗೆ ಹೋಗಿ ಎರಡು ತಿಂಗಳಾಗಿತ್ತು. ಅಂತರಸನಹಳ್ಳಿಯ ಕಾರ್ಖಾನೆಯಿಂದ ಮನೆಗೆ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ದೊಡ್ಡ ಕಂಪನಿಯ ತಾಣದಲ್ಲಿ ತನ್ನ ದಿನದ ಸುದ್ದಿ ಹೇಳುವ ವಿಡಿಯೋ ಹಾಕಿ ನೋಡಿದ. ಕೋಟಿ ಜನರ ಆ ಸಂತೆಯಲ್ಲಿ ಪಾಪ, ಅವನತ್ತ ಯಾರೂ ತಿರುಗಲಿಲ್ಲ.

ಸರಿ, ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿ ಮನೆಯಲ್ಲೇ ಸ್ವಂತ ವಿಡಿಯೋ ತಾಣ ಸ್ಥಾಪಿಸಿಬಿಟ್ಟ. ಇದಕ್ಕೆ ಯಜಮಾನ ಕಂಪನಿ ಇಲ್ಲ. ಅವರವರ ಸರ್ವರ್ ಅವರವರ ಮನೆಯಲ್ಲಿ. ಇಷ್ಟಪಟ್ಟವರು ತಮ್ಮ ಸರ್ವರುಗಳನ್ನು ಜೋಡಿಸಿಕೊಂಡು ಒಬ್ಬರ ವಿಡಿಯೋ ಇನ್ನೊಬ್ಬರು ನೋಡಬಹುದು, ಬೀಗತನ ಬೆಳೆಸಿದ ಹಾಗೆ!

ಸರ್ವರ್ ಮಹಾರಾಜರಿಗೆ ಸೆಕೆ ತಡೆಯದು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನ್ ಅವರ ಸೇವೆಗೆ ಹೋಯಿತು. ಪ್ಲಗ್ ಸಾಲದೆ ಫ್ರಿಜ್ಜೂ ಆರಿತು, ಹಾಲು ಒಡೆಯಿತು. ಫೋನಿನಲ್ಲಿ ಸರ್ವಮಂಗಳ ಗುಡುಗಿದಳು:

"ಹಾಲು ಒಡೆಸ್ಕೊಂಡು ಯಾರಿಗ್ರೀ ತೋರಿಸ್ತಿದೀರಾ ನಿಮ್ ಸಿನಿಮಾನ?"

"ಒಬ್ರು ನೋಡ್ತಾವ್ರೆ ಕಣೇ! ಕುಣಿಗಲ್ ಗಂಗಹನುಮಯ್ಯ!"

"ಒಬ್ರಾ? ಅವ್ರಿಗೆ ಒಂದು ಫೋನ್ ಮಾಡಿ ಹೇಳ್ಬುಟ್ಟಿದ್ರೆ ಮುಗೀತಿತ್ತಲ್ರೀ!"

ಹೌದು, ಒಬ್ಬರೇ. ಆದರೆ ಎಂಥವರು! ಪ್ರತಿ ವಿಡಿಯೋ ಪೂರ್ತಿ ನೋಡುವವರು. ಆ ಒಂದು ಅಂಕಿ ಕಾಣಿಸಲೆಂದು ಏಕಾಂತಯ್ಯ ದಿನವಿಡೀ ಕಾಯುತ್ತಿದ್ದ. ಅದು ಬಾರದಿದ್ದರೆ ತಾನು ಇದ್ದೂ ಇಲ್ಲದಂತೆ ಅನ್ನಿಸುತ್ತಿತ್ತು. ಗಂಗಹನುಮಯ್ಯನವರೂ ಸ್ವಂತ ಸರ್ವರ್ ಇಟ್ಟು, ಅದನ್ನು ಇವನದಕ್ಕೆ ಜೋಡಿಸಿ, ಹೆಸರಿನ ಜಾಗದಲ್ಲಿ ಬರೀ ತಾರೀಖು ನಮೂದಿಸಿ, ದಿನಕ್ಕೊಂದು ವಿಡಿಯೋ ಹಾಕುತ್ತಿದ್ದರು. ಮದುವೆಗೆ ಬಂದವರಿಗೆ ಮುಯ್ಯಿ ತೀರಿಸದ ವಂಶವೇ ಏಕಾಂತಯ್ಯನದು? ಅವರ ವಿಡಿಯೋ ಹಚ್ಚಿ, ಸದ್ದು ಅಡಗಿಸಿ, ಫೋನ್ ಬೋರಲು ಹಾಕಿ ಸ್ನಾನಕ್ಕೆ ಹೋಗುತ್ತಿದ್ದ. ಅವರಿಗೂ ಒಬ್ಬ ವೀಕ್ಷಕ ಸಿಕ್ಕ, ಮುಯ್ಯಿ ತೀರಿತು!

ಒಂದು ಭಾನುವಾರ ಒಂಟಿತನ ತಡೆಯಲಾರದೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಕುಣಿಗಲ್ ಬಸ್ಸು ಹತ್ತಿದ. ವಿಳಾಸ ಅವರ ತಾಣದಲ್ಲೇ ಇತ್ತು. ಬಾಗಿಲು ತೆರೆದವರು ಅರವತ್ತು ದಾಟಿದ ಗಂಗಹನುಮಯ್ಯ. ಹಿಡಿದ ಕೈ ಬಿಡಲೇ ಇಲ್ಲ.

"ಏಕಾಂತಯ್ಯೋರೇ! ಹೋದ್ವಾರ ವಿಡಿಯೋದಲ್ಲಿ ಕೆಮ್ತಿದ್ರಿ, ವಾಸಿ ಆಯ್ತಾ?"

ಎರಡು ತಿಂಗಳಲ್ಲಿ ಅವನ ಆರೋಗ್ಯ ವಿಚಾರಿಸಿದವರು ಇವರೊಬ್ಬರೇ. ತಾನೂ ಒಂದು ಒಳ್ಳೆಯ ಮಾತು ಆಡಬೇಡವೇ?

"ನಿಮ್ಮದೂ ಒಂದೂ ಬಿಟ್ಟಿಲ್ಲ ಸಾರ್! ಏನ್ ವಿಷ್ಯ, ಏನ್ ಜ್ಞಾನ! ದಿನಕ್ಕೊಂದು ಹೊಸ್ದು!"

ಗಂಗಹನುಮಯ್ಯ ಅವನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಬಾಳೆಹಣ್ಣು ಇಸಿದುಕೊಂಡರು.

"ವಿಡಿಯೋದಲ್ಲಿ ನಾನು ದಿನಾ ಹೇಳಿದ್ದು ಒಂದೇ ಮಾತು ಕಣಪ್ಪ. 'ಏಕಾಂತಯ್ಯೋರೇ, ನಾನೂ ಒಬ್ನೇ ಇದೀನಿ, ಒಂದಿನ ಊಟಕ್ಕೆ ಬನ್ನಿ' ಅಂತ. ನಲವತ್ತು ದಿನದಿಂದ ಕರೀತಾನೇ ಇದೀನಿ. ಹೋಗ್ಲಿ ಬುಡಿ, ಬಂದ್ರಲ್ಲ. ಕೈಕಾಲು ತೊಳ್ಕೊಳ್ಳಿ, ಮುದ್ದೆ ಆರೋಗ್ತದೆ."